ಟೆಲೋಮಿಯರ್, ಮುಪ್ಪು ಮತ್ತು ಕರುಳಿನ ಸೂಕ್ಷ್ಮಜೀವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಲೋಮಿಯರ್ ಅಂದ ಕೂಡಲೇ ಜನ ಕೇಳುವುದು "ಅದನ್ನ ಉದ್ದ ಮಾಡೋದು ಹೇಗೆ?" ಅಂತ. ಕರುಳಿನ ಬ್ಯಾಕ್ಟೀರಿಯಾ ಅಂದರೆ "ಯಾವ ಮಾತ್ರೆ ತಗೊಳ್ಳಲಿ?" ಅಂತ. ಎರಡಕ್ಕೂ ಉತ್ತರ ಕೆಳಗಿದೆ, ಆದರೆ ನೇರವಾಗಿ ಅಲ್ಲಿಗೇ ಹಾರಿದರೆ ಮೋಸ ಹೋಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಮೊದಲಿಂದ ಶುರು ಮಾಡೋಣ. ಇಲ್ಲಿರುವ ಅರ್ಧ ಕಥೆ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಸಂಶೋಧನೆಯದ್ದು. ಉಳಿದರ್ಧ ಅವರು ತೆರೆದ ಬಾಗಿಲಿನಿಂದ ಒಳಗೆ ಹೋದವರದ್ದು.

ಟೆಲೋಮಿಯರ್ ಅಂದರೆ ಏನು?

ನಮ್ಮ ಹೆಚ್ಚಿನ ಜೀವಕೋಶಗಳಲ್ಲಿ ಡಿಎನ್‌ಎಯ ಉದ್ದ ಎಳೆಗಳಾದ 46 ಕ್ರೋಮೋಸೋಮ್‌ಗಳಿವೆ. ಪ್ರತಿಯೊಂದಕ್ಕೂ ಎರಡು ತುದಿ, ಒಟ್ಟು 92. ಆ ತುದಿಗಳಲ್ಲಿ ಇರುವ ಡಿಎನ್‌ಎ ಯಾವ ಪ್ರೋಟೀನನ್ನೂ ಮಾಡಲು ಹೇಳುವುದಿಲ್ಲ. ಡಿಎನ್‌ಎ ಬರೆದಿರುವುದು ಎ, ಟಿ, ಜಿ, ಸಿ ಅನ್ನುವ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ. ತುದಿಯಲ್ಲಿ ಟಿಟಿಎಜಿಜಿಜಿ ಅನ್ನುವ ಆರೇ ಅಕ್ಷರ ಸಾವಿರಾರು ಸಲ, ಒಂದರ ಹಿಂದೆ ಒಂದು, ಬರೆದಿರುತ್ತದೆ. ಹುಟ್ಟುವಾಗ ಇದರ ಉದ್ದ ಸುಮಾರು 10 ಸಾವಿರ ಅಕ್ಷರ, ಅಥವಾ ಸ್ವಲ್ಪ ಜಾಸ್ತಿ.

ಇದರ ಕೆಲಸ ಒಂದೇ, ತುದಿಯನ್ನು ಕಾಯುವುದು. ಜೀವಕೋಶದ ಒಳಗೆ ಎಲ್ಲಾದರೂ ಡಿಎನ್‌ಎ ತುಂಡಾದರೆ ಅದನ್ನು ಹುಡುಕಿ ಜೋಡಿಸುವ ವ್ಯವಸ್ಥೆ ಸದಾ ಎಚ್ಚರವಾಗಿರುತ್ತದೆ. ಕ್ರೋಮೋಸೋಮಿನ ಸಹಜ ತುದಿ ನೋಡಲು ತುಂಡಾದ ಜಾಗದ ಹಾಗೇ ಇರುತ್ತದಲ್ವಾ? ಅದನ್ನೂ "ತುಂಡಾಗಿದೆ" ಅಂದುಕೊಂಡು ಎರಡು ಕ್ರೋಮೋಸೋಮ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟರೆ ಕೋಶದ ಕಥೆ ಮುಗೀತು. ಟೆಲೋಮಿಯರ್ ಮತ್ತು ಅದನ್ನು ಸುತ್ತಿಕೊಂಡಿರುವ ಪ್ರೋಟೀನ್‌ಗಳು ಆ ತಪ್ಪು ಆಗದ ಹಾಗೆ ತುದಿಯನ್ನು ಮರೆಮಾಡುತ್ತವೆ. ತುದಿಗೆ ಏನೋ ವಿಶೇಷ ಇದೆ ಅನ್ನುವುದು 1930ರ ದಶಕದಲ್ಲೇ ಗೊತ್ತಿತ್ತು. ಹಣ್ಣಿನ ನೊಣದಲ್ಲಿ ಹರ್ಮನ್ ಮುಲ್ಲರ್, ಮೆಕ್ಕೆಜೋಳದಲ್ಲಿ ಬಾರ್ಬರಾ ಮ್ಯಾಕ್‌ಕ್ಲಿಂಟಾಕ್ ಅದನ್ನು ಗುರುತಿಸಿದ್ದರು. ಆ ವಿಶೇಷ ಏನು ಅನ್ನುವುದು ಮಾತ್ರ ಇನ್ನೂ 40 ವರ್ಷ ಯಾರಿಗೂ ಸಿಗಲಿಲ್ಲ.

ಅದು ಸವೆಯುವುದು ಯಾಕೆ?

ನೆಲ ಸಾರಿಸುವವರು ತಾವು ನಿಂತ ಜಾಗವನ್ನು ಸಾರಿಸಲಾರರು. ಡಿಎನ್‌ಎ ನಕಲು ಮಾಡುವ ಕಿಣ್ವದ ಪಾಡೂ ಅದೇ. ಶುರು ಮಾಡಲು ಅದಕ್ಕೆ ಕಾಲಿಡಲು ಒಂದು ತುಣುಕು ಬೇಕು. ಕೊನೆಯಲ್ಲಿ ಆ ತುಣುಕನ್ನು ತೆಗೆದಾಗ ಅಷ್ಟು ಜಾಗ ನಕಲಾಗದೇ ಉಳಿದುಬಿಡುತ್ತದೆ. ಹೀಗೆ ಪ್ರತಿ ವಿಭಜನೆಗೆ ಸುಮಾರು 50ರಿಂದ 100 ಅಕ್ಷರ ಖೋತಾ. ಇದನ್ನು ಕಾಗದದ ಮೇಲೆ ಮೊದಲು ಯೋಚಿಸಿದವರು ರಷ್ಯಾದ ಅಲೆಕ್ಸಿ ಒಲೊವ್ನಿಕೋವ್, 1971ರಲ್ಲಿ. ಮರುವರ್ಷ ಜೇಮ್ಸ್ ವಾಟ್ಸನ್ ಬೇರೆ ದಾರಿಯಿಂದ ಬಂದು ಇದೇ ತೊಡಕನ್ನು ಹೇಳಿದರು.

ಸವೆತಕ್ಕೆ ಇದೊಂದೇ ಕಾರಣ ಅಲ್ಲ. ಟೆಲೋಮಿಯರಿನಲ್ಲಿ ಜಿ ಅಕ್ಷರ ಜಾಸ್ತಿ, ಮತ್ತು ಆಕ್ಸಿಡೇಶನ್ ಹಾನಿ ಜಿ ಮೇಲೇ ಜಾಸ್ತಿ ಬೀಳುತ್ತದೆ. ಉರಿಯೂತ ಇರುವ ಜಾಗದಲ್ಲಿ ಕೋಶಗಳು ಸಾಯುತ್ತವೆ, ಅವುಗಳ ಬದಲಿಗೆ ಬೇರೆಯವು ಹುಟ್ಟಬೇಕು, ಅಂದರೆ ಇನ್ನಷ್ಟು ವಿಭಜನೆ, ಇನ್ನಷ್ಟು ಸವೆತ. ಈ ಉರಿಯೂತದ ಮಾತು ನೆನಪಿಟ್ಟುಕೊಳ್ಳಿ. ಕರುಳಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಎಲಿಜಬೆತ್ ಬ್ಲ್ಯಾಕ್‌ಬರ್ನ್ ಯಾರು? ಕೊಳದ ನೀರಿನಲ್ಲಿ ಏನು ಹುಡುಕುತ್ತಿದ್ದರು?

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1948ರಲ್ಲಿ ಹುಟ್ಟಿದವರು. ಕೇಂಬ್ರಿಡ್ಜ್‌ನಲ್ಲಿ ಫ್ರೆಡ್ ಸ್ಯಾಂಗರ್ ಅವರ ಹತ್ತಿರ ಪಿಎಚ್‌ಡಿ ಮಾಡಿದರು. ಡಿಎನ್‌ಎ ಅಕ್ಷರಗಳನ್ನು ಓದುವ ವಿಧಾನ ಜಗತ್ತಿನಲ್ಲಿ ಹುಟ್ಟುತ್ತಿದ್ದದ್ದೇ ಅಲ್ಲಿ. ಆ ಕೈಚಳಕ ಕಲಿತು ಅಮೆರಿಕದ ಯೇಲ್‌ಗೆ, ಜೋಸೆಫ್ ಗಾಲ್ ಅವರ ಲ್ಯಾಬಿಗೆ ಹೋದರು.

ಅಲ್ಲಿದ್ದ ಜೀವಿಯ ಹೆಸರು ಟೆಟ್ರಾಹೈಮೆನಾ. ಕೊಳದ ನೀರಿನಲ್ಲಿ ಈಜಾಡುವ, ಮೈತುಂಬ ಸಣ್ಣ ರೋಮ ಇರುವ ಒಂದೇ ಕೋಶದ ಪ್ರಾಣಿ. ಇದನ್ನೇ ಯಾಕೆ ಆರಿಸಿದರು ಅಂದರೆ, ಲೆಕ್ಕ ಸುಲಭ. ಮನುಷ್ಯನ ಕೋಶದಲ್ಲಿ 92 ತುದಿ ಮಾತ್ರ, ಉಳಿದದ್ದೆಲ್ಲ ಉದ್ದನೆಯ ನಡುಭಾಗ. ಟೆಟ್ರಾಹೈಮೆನಾ ತನ್ನ ಡಿಎನ್‌ಎಯನ್ನು ಚೂರು ಚೂರು ಮಾಡಿ ಸಾವಿರಗಟ್ಟಲೆ ಪುಟಾಣಿ ಕ್ರೋಮೋಸೋಮ್ ಇಟ್ಟುಕೊಳ್ಳುತ್ತದೆ. ಚೂರು ಜಾಸ್ತಿ ಅಂದರೆ ತುದಿಯೂ ಜಾಸ್ತಿ. ತುದಿಯನ್ನೇ ಓದಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಜೀವಿ ಇಲ್ಲ. 1978ರಲ್ಲಿ ಬ್ಲ್ಯಾಕ್‌ಬರ್ನ್ ಮತ್ತು ಗಾಲ್ ಆ ತುದಿಯಲ್ಲಿ ಟಿಟಿಜಿಜಿಜಿಜಿ ಮತ್ತೆ ಮತ್ತೆ ಬರುತ್ತದೆ ಅಂತ ಪ್ರಕಟಿಸಿದರು. ನಮ್ಮದಕ್ಕೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸ!

ಆಮೇಲೆ ಜ್ಯಾಕ್ ಶೋಸ್ಟಾಕ್ ಜೊತೆ ಸೇರಿ ಆ ತುದಿಯನ್ನು ಯೀಸ್ಟ್‌ನ ಒಳಗೆ ಹಾಕಿ ನೋಡಿದರು. ಸಂಬಂಧವೇ ಇಲ್ಲದ ಜೀವಿ, ಆದರೂ ತುದಿ ಅಲ್ಲಿ ಕೆಲಸ ಮಾಡಿತು. ಅಂದರೆ ಇದು ಒಂದು ಕೊಳದ ಪ್ರಾಣಿಯ ಚಮತ್ಕಾರ ಅಲ್ಲ, ಬಹಳ ಹಳೆಯ ವ್ಯವಸ್ಥೆ ಅನ್ನುವುದು ಖಚಿತವಾಯಿತು.

ಟೆಲೋಮರೇಸ್ ಸಿಕ್ಕಿದ್ದು ಹೇಗೆ?

ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಬರ್ಕ್ಲಿಯಲ್ಲಿ ಬ್ಲ್ಯಾಕ್‌ಬರ್ನ್ ಲ್ಯಾಬಿಗೆ ಕ್ಯಾರಲ್ ಗ್ರೈಡರ್ ಅನ್ನುವ ವಿದ್ಯಾರ್ಥಿನಿ 1984ರಲ್ಲಿ ಸೇರಿದರು. ತುದಿ ಸವೆಯುತ್ತದೆ ಸರಿ, ಆದರೆ ಟೆಟ್ರಾಹೈಮೆನಾ ತಲೆಮಾರುಗಟ್ಟಲೆ ವಿಭಜನೆ ಆಗುತ್ತಲೇ ಇದೆಯಲ್ಲ, ಹಾಗಾದರೆ ತುದಿಯನ್ನು ಮತ್ತೆ ಬೆಳೆಸುವ ಯಾವುದೋ ಕಿಣ್ವ ಇರಲೇಬೇಕು ಅನ್ನುವುದು ಇಬ್ಬರ ಅಂದಾಜು. ಗ್ರೈಡರ್ ಕೋಶಗಳನ್ನು ಒಡೆದು ರಸ ತೆಗೆದು, ಅದಕ್ಕೆ ಟೆಲೋಮಿಯರಿನ ಸಣ್ಣ ತುಂಡು ಮತ್ತು ವಿಕಿರಣ ಗುರುತು ಹಚ್ಚಿದ ಅಕ್ಷರಗಳನ್ನು ಬೆರೆಸಿ, ಜೆಲ್‌ನಲ್ಲಿ ಓಡಿಸಿ, ಎಕ್ಸ್‌ರೇ ಫಿಲ್ಮ್ ಮೇಲೆ ಏನು ಮೂಡುತ್ತದೆ ಅಂತ ನೋಡುತ್ತಿದ್ದರು.

1984ರ ಕ್ರಿಸ್ಮಸ್ ದಿನ ಲ್ಯಾಬ್ ಖಾಲಿ. ಗ್ರೈಡರ್ ಮಾತ್ರ ಬಂದು ಫಿಲ್ಮ್ ತೊಳೆದರು. ಅದರ ಮೇಲೆ ಕಪ್ಪು ಗೆರೆಗಳು, ಒಂದರ ಮೇಲೊಂದು, ಆರಾರು ಅಕ್ಷರಗಳ ಅಂತರದಲ್ಲಿ. ಯಾರೋ ಆರಾರಾಗಿ ಎಣಿಸಿಕೊಂಡು ಜೋಡಿಸುತ್ತಿದ್ದಾರೆ ಅಂತ ಅದರ ಅರ್ಥ. ಮನೆಗೆ ಹೋಗಿ ಹಾಡು ಹಾಕಿಕೊಂಡು ಕುಣಿದೆ ಅಂತ ಆಮೇಲೆ ಅವರೇ ಹೇಳಿದ್ದಾರೆ. ಆ ಕಿಣ್ವವೇ ಟೆಲೋಮರೇಸ್. ಅದರ ಒಳಗೆ ಒಂದು ಆರ್‌ಎನ್‌ಎ ಇದೆ. ಯಾವ ಅಕ್ಷರ ಸೇರಿಸಬೇಕು ಅನ್ನುವ ಮಾದರಿಯನ್ನು ಕಿಣ್ವ ತನ್ನ ಜೊತೆಗೇ ಇಟ್ಟುಕೊಂಡು ತಿರುಗುತ್ತದೆ. 2009ರಲ್ಲಿ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಮೂವರಿಗೂ ವೈದ್ಯಕೀಯ ನೊಬೆಲ್ ಬಂತು.

ಗಮನಿಸಿ, ಇವರಲ್ಲಿ ಯಾರೂ ಮುಪ್ಪಿಗೆ ಮದ್ದು ಹುಡುಕಲು ಹೊರಟವರಲ್ಲ.

ಮತ್ತೆ ಮುಪ್ಪಿನ ಜೊತೆ ಇದು ಗಂಟು ಬಿದ್ದದ್ದು ಎಲ್ಲಿ?

1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿದ್ದರು: ಮನುಷ್ಯನ ಸಾಮಾನ್ಯ ಕೋಶಗಳು ಲ್ಯಾಬಿನಲ್ಲಿ ಸುಮಾರು 50 ಸಲ ವಿಭಜನೆಯಾಗಿ ಆಮೇಲೆ ನಿಂತುಬಿಡುತ್ತವೆ. ಯಾಕೆ ಅಂತ ಗೊತ್ತಿರಲಿಲ್ಲ. 1990ರಲ್ಲಿ ಕ್ಯಾಲ್ವಿನ್ ಹಾರ್ಲಿ, ಗ್ರೈಡರ್ ಮತ್ತವರ ಜೊತೆಗಾರರು, ಹೀಗೆ ವಯಸ್ಸಾಗುವ ಕೋಶಗಳಲ್ಲಿ ಟೆಲೋಮಿಯರ್ ಕುಗ್ಗುತ್ತಾ ಹೋಗುತ್ತದೆ ಅಂತ ತೋರಿಸಿದರು. 1998ರಲ್ಲಿ ಅಂಥ ಕೋಶಗಳಿಗೆ ಟೆಲೋಮರೇಸ್ ಕೊಟ್ಟಾಗ ಅವು ಮಿತಿ ದಾಟಿ ವಿಭಜನೆ ಮುಂದುವರಿಸಿದವು. ಸಂಬಂಧ ಸಾಬೀತಾಯಿತು. ಆದರೆ ಸಾಬೀತಾದದ್ದು ತಟ್ಟೆಯಲ್ಲಿ ಬೆಳೆದ ಕೋಶಕ್ಕೆ, ಇಡೀ ಮನುಷ್ಯನಿಗೆ ಅಲ್ಲ. ಈ ವ್ಯತ್ಯಾಸವನ್ನು ಜಾಹೀರಾತುಗಳು ಬೇಕಂತಲೇ ನುಂಗುತ್ತವೆ.

ತುದಿ ತೀರಾ ಚಿಕ್ಕದಾದ ಕೋಶ ಸುಮ್ನೆ ಕೂರುವುದಿಲ್ಲ ಅನ್ನುವುದೂ ಮುಖ್ಯ. ವಿಭಜನೆ ನಿಲ್ಲಿಸುತ್ತದೆ, ಸಾಯುವುದಿಲ್ಲ, ಬದಲಿಗೆ ಸುತ್ತಮುತ್ತ ಉರಿಯೂತದ ಸಂಕೇತಗಳನ್ನು ಕಕ್ಕುತ್ತಾ ಇರುತ್ತದೆ. ಅಕ್ಕಪಕ್ಕದ ಆರೋಗ್ಯವಂತ ಕೋಶಗಳೂ ಅದರಿಂದ ಕೆಡುತ್ತವೆ.

ಹಾಗಾದ್ರೆ ಟೆಲೋಮರೇಸ್ ಜಾಸ್ತಿ ಮಾಡಿಕೊಂಡರೆ ಮುಪ್ಪು ಬರೋದಿಲ್ವಾ?

ಸ್ವಲ್ಪ ತಡೀರಿ. ಕ್ಯಾನ್ಸರ್ ಗಡ್ಡೆಗಳಲ್ಲಿ ಸುಮಾರು ಶೇ. 85ರಿಂದ 90 ಭಾಗ ಈ ಟೆಲೋಮರೇಸನ್ನೇ ಮತ್ತೆ ಚಾಲೂ ಮಾಡಿಕೊಂಡಿರುತ್ತವೆ. ಕೊನೆಯಿಲ್ಲದೆ ವಿಭಜನೆ ಆಗಬೇಕಾದರೆ ತುದಿ ಸವೆಯಬಾರದು, ಅದಕ್ಕೆ. ನಮ್ಮ ಹೆಚ್ಚಿನ ಕೋಶಗಳಲ್ಲಿ ಇದು ಆಫ್ ಆಗಿರುವುದು ದೇಹದ ಮರೆವು ಅಲ್ಲ, ಒಂದು ರಕ್ಷಣೆ.

ಇಲಿಗಳಲ್ಲಿ ಒಳ್ಳೆಯ ಸುದ್ದಿ ಇದೆ, ನಿಜ. ಸ್ಪೇನ್‌ನ ಮರಿಯಾ ಬ್ಲಾಸ್ಕೊ ತಂಡ 2012ರಲ್ಲಿ ವೈರಸ್ ಮೂಲಕ ಟೆಲೋಮರೇಸ್ ಜೀನನ್ನು ಇಲಿಗಳಿಗೆ ಕೊಟ್ಟಿತು. ಒಂದು ವರ್ಷದ ಇಲಿಗಳ ಆಯುಸ್ಸು ಶೇ. 24, ಎರಡು ವರ್ಷದವುಗಳದ್ದು ಶೇ. 13 ಹೆಚ್ಚಾಯಿತು, ಕ್ಯಾನ್ಸರ್ ಹೆಚ್ಚಾಗಲಿಲ್ಲ. ಆದರೆ ಮನುಷ್ಯರ ಕಡೆ ನೋಡಿ. ಪಿಒಟಿ1 ಅನ್ನುವ ಜೀನಿನ ಬದಲಾವಣೆಯಿಂದ ಹುಟ್ಟಿನಿಂದಲೇ ತುಂಬ ಉದ್ದ ಟೆಲೋಮಿಯರ್ ಇರುವ ಕುಟುಂಬಗಳನ್ನು ಮೇರಿ ಅರ್ಮಾನಿಯೋಸ್ ತಂಡ ಪರೀಕ್ಷಿಸಿ 2023ರಲ್ಲಿ ವರದಿ ಮಾಡಿತು. ಅವರಲ್ಲಿ ನಾನಾ ತರಹದ ಗಡ್ಡೆಗಳು ಕಂಡವು. ರಕ್ತಕೋಶಗಳಲ್ಲಿ ಒಂದೇ ತಳಿ ವಯಸ್ಸಿನ ಜೊತೆ ಹಬ್ಬುವ ಲಕ್ಷಣವೂ ಇತ್ತು. ತುಂಬ ಚಿಕ್ಕದಿದ್ದರೆ ಒಂದು ಕಾಟ, ತುಂಬ ಉದ್ದ ಇದ್ದರೆ ಇನ್ನೊಂದು. ಉದ್ದ ಇದ್ದವರಿಗೆ ಹೃದಯದ ಕಾಯಿಲೆ ಸ್ವಲ್ಪ ಕಡಿಮೆ, ಹಲವು ಕ್ಯಾನ್ಸರ್ ಸ್ವಲ್ಪ ಜಾಸ್ತಿ ಅಂತ ದೊಡ್ಡ ಜೀನ್ ಅಧ್ಯಯನಗಳೂ ಹೇಳುತ್ತವೆ.

ಉದ್ದ ಟೆಲೋಮಿಯರ್ ಇರುವ ಪ್ರಾಣಿ ಜಾಸ್ತಿ ಬದುಕುತ್ತಾ?

ಇಲ್ಲ. ಲ್ಯಾಬಿನ ಇಲಿಯ ಟೆಲೋಮಿಯರ್ ನಮ್ಮದಕ್ಕಿಂತ ಎಷ್ಟೋ ಉದ್ದ, ಅದು ಬದುಕುವುದು ಎರಡು ಮೂರು ವರ್ಷ. ಲೆಕ್ಕಕ್ಕೆ ಬರುವುದು ಉದ್ದಕ್ಕಿಂತ ಸವೆಯುವ ವೇಗ ಅಂತ ಬ್ಲಾಸ್ಕೊ ತಂಡ 2019ರಲ್ಲಿ ಹಲವು ಪ್ರಾಣಿ ಪಕ್ಷಿಗಳನ್ನು ಹೋಲಿಸಿ ಹೇಳಿತು.

ಮಾನಸಿಕ ಒತ್ತಡದಿಂದ ಟೆಲೋಮಿಯರ್ ಕುಗ್ಗುತ್ತದೆ ಅನ್ನುವುದು ನಿಜವಾ?

ಈ ಮಾತು ಹುಟ್ಟಿದ್ದು 2004ರಲ್ಲಿ, ಬ್ಲ್ಯಾಕ್‌ಬರ್ನ್ ಮತ್ತು ಮನಶ್ಶಾಸ್ತ್ರಜ್ಞೆ ಎಲಿಸ್ಸಾ ಎಪೆಲ್ ಅವರ ಅಧ್ಯಯನದಿಂದ. 58 ತಾಯಂದಿರು, ಅವರಲ್ಲಿ 39 ಮಂದಿ ದೀರ್ಘಕಾಲದ ಕಾಯಿಲೆ ಇರುವ ಮಗುವನ್ನು ನೋಡಿಕೊಳ್ಳುತ್ತಿದ್ದವರು. ತಮಗೆ ಒತ್ತಡ ತೀರಾ ಜಾಸ್ತಿ ಅಂತ ಹೇಳಿದವರ ಬಿಳಿ ರಕ್ತಕಣಗಳಲ್ಲಿ ಟೆಲೋಮಿಯರ್ ಚಿಕ್ಕದಿತ್ತು, ವಯಸ್ಸಿನ ಲೆಕ್ಕದಲ್ಲಿ ಹತ್ತು ವರ್ಷ ಜಾಸ್ತಿ ಆದ ಹಾಗೆ. ಎಷ್ಟು ವರ್ಷದಿಂದ ಮಗುವನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವುದೂ ಉದ್ದದ ಜೊತೆ ತಾಳೆಯಾಯಿತು. ಮನಸ್ಸಿನ ಭಾರ ಕೋಶದ ಒಳಗೆ ಗುರುತು ಬಿಡುತ್ತದೆ ಅಂತ ಅಳತೆ ಇಟ್ಟು ತೋರಿಸಿದ್ದು ದೊಡ್ಡ ವಿಷಯ. ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲಿ ಈ ನಂಟು ಉಳಿದಿದೆ, ಆದರೆ ಬಹಳ ತೆಳುವಾಗಿದೆ.

ಹಾಗೇ 2013ರಲ್ಲಿ ಡೀನ್ ಆರ್ನಿಶ್ ಜೊತೆ ಸೇರಿ ಮಾಡಿದ ಇನ್ನೊಂದು ಅಧ್ಯಯನವನ್ನು ಜನ ಬಹಳ ಹೇಳುತ್ತಾರೆ. ಊಟ, ವ್ಯಾಯಾಮ, ಧ್ಯಾನ ಎಲ್ಲ ಬದಲಿಸಿಕೊಂಡವರಲ್ಲಿ ಐದು ವರ್ಷಕ್ಕೆ ಟೆಲೋಮಿಯರ್ ಸುಮಾರು ಶೇ. 10 ಉದ್ದವಾಯಿತು ಅಂತ. ಹಾಗೆ ಬದಲಿಸಿಕೊಂಡವರು ಎಷ್ಟು ಜನ? ಹತ್ತು. ಹತ್ತು ಜನರ ಮೇಲೆ ಒಂದು ಉದ್ಯಮವನ್ನೇ ಕಟ್ಟುವುದು ಬೇಡ ಅಂತ ನನ್ನ ಅನಿಸಿಕೆ.

ಸರಿ, ಮೈಕ್ರೋಬಯೋಮ್, ಅಂದರೆ ನಮ್ಮೊಳಗಿನ ಸೂಕ್ಷ್ಮಜೀವಿಗಳ ಗುಂಪಿನ ಕಡೆ ಬನ್ನಿ. ನಮ್ಮ ಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ನಮ್ಮೊಳಗಿವೆಯಂತೆ?

ಹಳೆಯ ಅಂದಾಜು, ಈಗ ಬಿಟ್ಟುಬಿಡಿ. 2016ರಲ್ಲಿ ಇಸ್ರೇಲಿನ ರಾನ್ ಮಿಲೊ ತಂಡ ಕೂತು ಲೆಕ್ಕ ಹಾಕಿತು. ಸುಮಾರು 70 ಕಿಲೋ ತೂಕದವರೊಬ್ಬರಲ್ಲಿ 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಸ್ವಂತ ಕೋಶ. ಹೆಚ್ಚುಕಡಿಮೆ ಸರಿಸಮ. ಎಲ್ಲ ಬ್ಯಾಕ್ಟೀರಿಯಾ ಒಟ್ಟುಗೂಡಿಸಿ ತೂಗಿದರೆ ಸುಮಾರು 200 ಗ್ರಾಂ. ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ. ನಾವು ಅರಗಿಸಲಾಗದ ನಾರಿನಂಶವನ್ನು ಅವು ತಿಂದು ಬ್ಯುಟಿರೇಟ್ ತರಹದ ಆಮ್ಲಗಳನ್ನು ಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ.

ಬ್ಯಾಕ್ಟೀರಿಯಾಗಳಿಗೂ ಟೆಲೋಮಿಯರ್ ಸವೆಯುತ್ತಾ?

ಚೆನ್ನಾಗಿರುವ ಪ್ರಶ್ನೆ. ಹೆಚ್ಚಿನ ಬ್ಯಾಕ್ಟೀರಿಯಾಗಳ ಕ್ರೋಮೋಸೋಮ್ ಬಳೆಯಾಕಾರದ್ದು. ತುದಿಯೇ ಇಲ್ಲ, ಸವೆಯುವುದೆಲ್ಲಿಂದ ಬಂತು? ಲೈಮ್ ರೋಗ ತರುವ ಬೊರೇಲಿಯಾ, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ತರಹದ ಕೆಲವಕ್ಕೆ ಮಾತ್ರ ಎರಡು ತುದಿ ಇರುವ ನೇರ ಕ್ರೋಮೋಸೋಮ್ ಇದೆ, ಅವು ತುದಿ ಕಾಯಲು ತಮ್ಮದೇ ಉಪಾಯ ಮಾಡಿಕೊಂಡಿವೆ.

ಹಾಗಾದರೆ ಟೆಲೋಮಿಯರಿಗೂ ಕರುಳಿನ ಸೂಕ್ಷ್ಮಜೀವಿಗಳಿಗೂ ಏನು ಸಂಬಂಧ? ಎರಡೂ ಬೇರೆ ಬೇರೆ ವಿಷಯ ಅಲ್ವಾ?

ಬಹಳ ಕಾಲ ಬೇರೆಯಾಗಿಯೇ ಇದ್ದವು. 2013ರಲ್ಲಿ ಕಾರ್ಲೋಸ್ ಲೋಪೆಜ್-ಒಟಿನ್, ಬ್ಲಾಸ್ಕೊ ಮತ್ತು ಇನ್ನೂ ಮೂವರು ಸೇರಿ ಮುಪ್ಪಿನ 9 ಮುಖ್ಯ ಗುರುತುಗಳ ಪಟ್ಟಿ ಮಾಡಿದಾಗ ಟೆಲೋಮಿಯರ್ ಸವೆತ ಅದರಲ್ಲಿತ್ತು, ಸೂಕ್ಷ್ಮಜೀವಿಗಳು ಇರಲಿಲ್ಲ. 2023ರಲ್ಲಿ ಅದೇ ಲೇಖಕರು ಪಟ್ಟಿಯನ್ನು 12ಕ್ಕೆ ಏರಿಸಿದರು. ಹೊಸದಾಗಿ ಸೇರಿದ್ದರಲ್ಲಿ ಒಂದು ದೀರ್ಘಕಾಲದ ಉರಿಯೂತ, ಇನ್ನೊಂದು ಕರುಳಿನ ಸೂಕ್ಷ್ಮಜೀವಿಗಳ ಏರುಪೇರು.

ಈ ಮೂರನ್ನೂ ಕಟ್ಟುವ ಜಾಗ ಕರುಳಿನ ಒಳಪದರ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗೋಡೆಯ ತುಂಬ ಸಣ್ಣ ಸಣ್ಣ ಗುಳಿಗಳು. ಪ್ರತಿ ಗುಳಿಯ ತಳದಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಬೆರಳೆಣಿಕೆಯ ಕಾಂಡಕೋಶಗಳು. ಅವು ವಿಭಜನೆಯಾಗುತ್ತಲೇ ಇರುತ್ತವೆ, ಹೊಸ ಕೋಶಗಳು ಹಿಂದಿನವನ್ನು ಮೇಲಕ್ಕೆ ತಳ್ಳುತ್ತವೆ, ತುದಿ ಮುಟ್ಟಿದವು ಉದುರಿ ಹೋಗುತ್ತವೆ. ಮೂರರಿಂದ ಐದು ದಿನಕ್ಕೊಮ್ಮೆ ಇಡೀ ಪದರವೇ ಹೊಸದು. ಇಷ್ಟು ವಿಭಜನೆ ನಡೆಯುವ ಜಾಗದಲ್ಲಿ ಟೆಲೋಮಿಯರ್ ಸವೆಯುವುದು ಸಹಜವೇ, ಕಾಂಡಕೋಶಗಳಲ್ಲಿ ಸ್ವಲ್ಪ ಟೆಲೋಮರೇಸ್ ಇದ್ದರೂ ಸಾಲುವುದಿಲ್ಲ. ಮತ್ತು ಈ ಒಂದೇ ಸಾಲು ಕೋಶಗಳ ಆಚೆ ಬದಿಗೆ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಕೂತಿವೆ.

ಈಗ 2020ರ ಒಂದು ಕೆಲಸ ನೋಡಿ. ಹ್ಯೂಸ್ಟನ್‌ನಲ್ಲಿ ರೊನಾಲ್ಡ್ ಡಿಪಿನ್ಹೊ ತಂಡ ಟೆಲೋಮಿಯರ್ ಕೆಟ್ಟ ಇಲಿಗಳ ಕರುಳನ್ನು ಪರೀಕ್ಷಿಸಿತು. ತುದಿ ಕೆಟ್ಟಾಗ ಕೋಶದೊಳಗೆ ಅಪಾಯದ ಸಂಕೇತ ಹೊರಟು, ಐಎಲ್-18 ಅನ್ನುವ ಉರಿಯೂತದ ಪ್ರೋಟೀನಿನ ಕಚ್ಚಾ ರೂಪ ರಾಶಿ ಬೀಳುತ್ತದೆ. ಕಚ್ಚಾ ರೂಪದಲ್ಲಿ ಅದರಿಂದ ತೊಂದರೆ ಇಲ್ಲ. ಅದನ್ನು ಕತ್ತರಿಸಿ ಚುರುಕುಗೊಳಿಸುವ ಕಿಣ್ವಕ್ಕೆ ಚಾಲನೆ ಕೊಡುವುದು ಕರುಳಿನ ಸೂಕ್ಷ್ಮಜೀವಿಗಳು! ಅಂದರೆ ಟೆಲೋಮಿಯರ್ ಸಿದ್ಧತೆ ಮಾಡಿಡುತ್ತದೆ, ಸೂಕ್ಷ್ಮಜೀವಿ ಕಿಡಿ ಹಚ್ಚುತ್ತದೆ. ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟರೂ ಉರಿಯೂತ ತಗ್ಗಿತು, ಕರುಳಿನಲ್ಲಿ ಟೆಲೋಮರೇಸ್ ಮತ್ತೆ ಶುರು ಮಾಡಿದರೂ ತಗ್ಗಿತು. ಎರಡು ಕಡೆಯಲ್ಲಿ ಯಾವುದನ್ನು ತಡೆದರೂ ಸರಿ.

ಇನ್ನೊಂದು, ಫ್ರಾನ್ಸ್‌ನಲ್ಲಿ ಮಿಗೆಲ್ ಗೊಡಿನ್ಹೊ ಫೆರೇರಾ ತಂಡದ್ದು, 2023ರಲ್ಲಿ. ಟೆಲೋಮರೇಸ್ ಇಲ್ಲದ, ಬೇಗ ಮುದಿಯಾಗುವ ಜೀಬ್ರಾ ಮೀನುಗಳಿಗೆ ಕರುಳಿನಲ್ಲಿ ಮಾತ್ರ ಟೆಲೋಮರೇಸ್ ವಾಪಸ್ ಕೊಟ್ಟರು. ಬೇರೆ ಯಾವ ಅಂಗಕ್ಕೂ ಇಲ್ಲ. ಕರುಳು ಸುಧಾರಿಸಿತು, ಏರುಪೇರಾಗಿದ್ದ ಸೂಕ್ಷ್ಮಜೀವಿಗಳ ಗುಂಪು ಸರಿಯಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ, ದೂರದ ಸಂತಾನ ಅಂಗಗಳು, ರಕ್ತ ತಯಾರಿಸುವ ಅಂಗಾಂಶ ಕೂಡ ಚೇತರಿಸಿಕೊಂಡವು, ಆಯುಸ್ಸು ಶೇ. 40 ಹೆಚ್ಚಾಯಿತು. ಕರುಳಿನ ತುದಿ ಸವೆದರೆ ಅದರ ಪರಿಣಾಮ ಕರುಳಿಗಷ್ಟೇ ಅಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಕೆನಡಾದ ಡಾನ್ ಬೌಡಿಶ್ ತಂಡ 2017ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ. ಒಂದೂ ಸೂಕ್ಷ್ಮಜೀವಿ ಇಲ್ಲದೆ ಸಾಕಿದ ಇಲಿಗಳಿಗೆ ವಯಸ್ಸಾದರೂ ಮುಪ್ಪಿನ ಉರಿಯೂತ ಏರಲಿಲ್ಲ. ಮುದಿ ಇಲಿಯ ಸೂಕ್ಷ್ಮಜೀವಿಗಳನ್ನು ಹಾಕಿದಾಗ ಕರುಳಿನ ಗೋಡೆ ಸೋರತೊಡಗಿತು, ಉರಿಯೂತ ಬಂತು.

ಮನುಷ್ಯರಲ್ಲಿ ಈ ಸರಪಳಿಯ ಪ್ರತಿ ಕೊಂಡಿಯನ್ನೂ ಯಾರೂ ಹೀಗೆ ಕಳಚಿ ಜೋಡಿಸಿ ನೋಡಿಲ್ಲ. ಟೆಲೋಮಿಯರ್ ದೋಷದ ಕಾಯಿಲೆ ಇರುವವರಲ್ಲಿ ಇದೇ ಐಎಲ್-18 ಹೆಚ್ಚಿದೆ ಅನ್ನುವವರೆಗೆ ಬಂದಿದೆ. ಅಷ್ಟೂ ಸಣ್ಣದಲ್ಲ.

ಎಳೆಯರ ಕರುಳಿನ ಸೂಕ್ಷ್ಮಜೀವಿಗಳನ್ನು ವಯಸ್ಸಾದವರಿಗೆ ಹಾಕಿದರೆ?

ಆಫ್ರಿಕಾದ ಕಿಲ್ಲಿಫಿಶ್ ಅನ್ನುವ ಮೀನು ಕೆಲವೇ ತಿಂಗಳು ಬದುಕುತ್ತದೆ. ಜರ್ಮನಿಯ ಕೊಲೋನ್‌ನಲ್ಲಿ ಡಾರಿಯೊ ವ್ಯಾಲೆಂಜಾನೊ ತಂಡ ನಡುವಯಸ್ಸಿನ ಮೀನುಗಳ ಕರುಳನ್ನು ಆಂಟಿಬಯೋಟಿಕ್‌ನಿಂದ ಖಾಲಿ ಮಾಡಿ, ಎಳೆಯ ಮೀನುಗಳ ಸೂಕ್ಷ್ಮಜೀವಿ ತುಂಬಿದ ನೀರಿಗೆ ಬಿಟ್ಟಿತು. ಅವು ಜಾಸ್ತಿ ದಿನ ಬದುಕಿದವು, ಚುರುಕಾಗಿ ಈಜಿದವು. ತಮ್ಮದೇ ವಯಸ್ಸಿನವುಗಳ ಸೂಕ್ಷ್ಮಜೀವಿ ಪಡೆದವಕ್ಕೆ ಆ ಲಾಭ ಇಲ್ಲ. 2017ರಲ್ಲಿ ಪ್ರಕಟವಾಯಿತು.

ಮನುಷ್ಯರಲ್ಲಿ ಮಲ ವರ್ಗಾವಣೆ ಚಿಕಿತ್ಸೆ ಇದೆ, ಆದರೆ ಅದು ಯೌವನಕ್ಕಲ್ಲ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಮರುಕಳಿಸುವ ಭೇದಿಗೆ. ಅದಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ತಾವೇ ಮಾಡಿಕೊಳ್ಳುವವರೂ ಇದ್ದಾರಂತೆ. ದಯವಿಟ್ಟು ಬೇಡ. ದಾನಿಯ ಮಲದಲ್ಲಿ ಔಷಧಕ್ಕೆ ಬಗ್ಗದ ಇ. ಕೋಲಿ ಇದ್ದು ರೋಗಿಯೊಬ್ಬರು ಸತ್ತರು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅದೂ ವೈದ್ಯರ ನಿಗಾದಲ್ಲಿ ನಡೆದದ್ದು.

ನೂರು ದಾಟಿದವರ ಕರುಳಿನಲ್ಲಿ ಏನಾದರೂ ವಿಶೇಷ ಇದೆಯಾ?

ಜಪಾನಿನ ಕೆನ್ಯಾ ಹೊಂಡಾ ತಂಡ ಸರಾಸರಿ 107 ವರ್ಷದ 160 ಮಂದಿಯನ್ನು ಪರೀಕ್ಷಿಸಿ 2021ರಲ್ಲಿ ವರದಿ ಮಾಡಿತು. ಅವರ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಪಿತ್ತರಸವನ್ನು ಬದಲಿಸಿ ಒಂದು ಅಪರೂಪದ ಆಮ್ಲ ಮಾಡುತ್ತವೆ. ಅದು ಮೇಲೆ ಹೇಳಿದ ಆ ಡಿಫಿಸಿಲ್ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ. ಇದರಿಂದಲೇ ಅವರು ಅಷ್ಟು ಬದುಕಿದರಾ, ಅಷ್ಟು ಬದುಕಿದ್ದರಿಂದ ಇದು ಉಳಿಯಿತಾ? ಒಂದು ಸಲ ಪರೀಕ್ಷಿಸಿದರೆ ಅದು ಗೊತ್ತಾಗುವುದಿಲ್ಲ.

ಐರ್ಲೆಂಡಿನ 178 ಹಿರಿಯರ ಅಧ್ಯಯನ (2012) ನನಗೆ ಹೆಚ್ಚು ಉಪಯೋಗದ್ದು ಅನಿಸುತ್ತದೆ. ತಮ್ಮ ಮನೆಯಲ್ಲೇ ಇದ್ದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಬಗೆ ಜಾಸ್ತಿ. ದೀರ್ಘಕಾಲ ಆರೈಕೆ ಕೇಂದ್ರದಲ್ಲಿದ್ದವರಲ್ಲಿ ಕಡಿಮೆ, ದೌರ್ಬಲ್ಯ ಮತ್ತು ಉರಿಯೂತ ಜಾಸ್ತಿ. ವ್ಯತ್ಯಾಸ ಊಟದ ವೈವಿಧ್ಯಕ್ಕೆ ತಾಳೆಯಾಯಿತು. ಹಲ್ಲಿಲ್ಲ, ರುಚಿಯಿಲ್ಲ, ಮೆತ್ತಗಿನದ್ದೇ ಸಾಕು ಅಂತ ಹಿರಿಯರಿಗೆ ದಿನವೂ ಅದೇ ಎರಡು ಪದಾರ್ಥ ಕೊಡುವವರು ಇದನ್ನು ಯೋಚಿಸಬೇಕು.

ಪ್ರೋಬಯೋಟಿಕ್ ಮಾತ್ರೆ ತಗೊಳ್ಳಲಾ?

ಇವು ಜೀವಂತ ಬ್ಯಾಕ್ಟೀರಿಯಾ ತುಂಬಿದ ಮಾತ್ರೆಗಳು. ಎಲ್ಲರಿಗೂ ಬೇಕು ಅನ್ನುವಷ್ಟು ಆಧಾರ ಇಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆ 2018ರಲ್ಲಿ ತೋರಿಸಿದ ಪ್ರಕಾರ, ಆಂಟಿಬಯೋಟಿಕ್ ಆದ ಮೇಲೆ ಪ್ರೋಬಯೋಟಿಕ್ ತಗೊಂಡವರಲ್ಲಿ ಅವರ ಸ್ವಂತ ಸೂಕ್ಷ್ಮಜೀವಿಗಳು ವಾಪಸ್ ಬರುವುದು ತಡವೇ ಆಯಿತು. ಏನೂ ತಗೊಳ್ಳದವರಲ್ಲಿ ಬೇಗ ಬಂದವು.

ಊಟದ ಕಡೆ ಆಧಾರ ಸ್ವಲ್ಪ ಗಟ್ಟಿ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರಿಗೆ 10 ವಾರ, ಅರ್ಧ ಜನಕ್ಕೆ ಮೊಸರಿನಂಥ ಹುದುಗಿಸಿದ ಆಹಾರ, ಉಳಿದವರಿಗೆ ಜಾಸ್ತಿ ನಾರಿನಂಶ. ಹುದುಗಿಸಿದ್ದು ತಿಂದವರಲ್ಲಿ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿತು, 19 ಉರಿಯೂತದ ಪ್ರೋಟೀನ್‌ಗಳು ತಗ್ಗಿದವು. ನಾರಿನಂಶ ತಿಂದವರಲ್ಲಿ ಅಷ್ಟು ದಿನದಲ್ಲಿ ಬಗೆ ಹೆಚ್ಚಲಿಲ್ಲ, ಎಲ್ಲರೂ ಅಂದುಕೊಂಡದ್ದಕ್ಕೆ ಉಲ್ಟಾ. ಅದಕ್ಕಾಗಿ ನಾರು ಬಿಡಬೇಡಿ, ಬ್ಯುಟಿರೇಟ್ ಬರುವುದು ಅದರಿಂದಲೇ.

ಅಂದಹಾಗೆ ಹುಳಿ ಹಾಲು ಕುಡಿದರೆ ಆಯುಸ್ಸು ಹೆಚ್ಚುತ್ತದೆ ಅನ್ನುವುದು ನೂರು ವರ್ಷಕ್ಕಿಂತ ಹಳೆಯ ವಾದ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಎಲೀ ಮೆಚ್ನಿಕಾಫ್ ಅದನ್ನು ಗಟ್ಟಿಯಾಗಿ ಹೇಳಿದವರು. 1908ರ ನೊಬೆಲ್ ಅವರಿಗೆ ಬಂದದ್ದು ಮಾತ್ರ ರೋಗನಿರೋಧಕ ಶಕ್ತಿಯ ಕೆಲಸಕ್ಕೆ, ಮೊಸರಿಗಲ್ಲ.

ಬಾಹ್ಯಾಕಾಶಕ್ಕೆ ಹೋದವನ ಟೆಲೋಮಿಯರ್ ಉದ್ದವಾಯಿತಂತೆ, ಅಂದರೆ ಅಲ್ಲಿ ವಯಸ್ಸಾಗಲ್ವಾ?

ಸ್ಕಾಟ್ ಕೆಲಿ 340 ದಿನ ಅಂತರಿಕ್ಷ ನಿಲ್ದಾಣದಲ್ಲಿದ್ದರು, ಅವಳಿ ಸಹೋದರ ಮಾರ್ಕ್ ಕೆಳಗಿದ್ದರು. ಸ್ಕಾಟ್ ಅವರ ಬಿಳಿ ರಕ್ತಕಣಗಳ ಟೆಲೋಮಿಯರ್ ಮೇಲಿದ್ದಾಗ ಉದ್ದವಾಯಿತು. ಕೆಳಗಿಳಿದ ಕೂಡಲೇ ಸರ್ರನೆ ಕುಗ್ಗಿತು, ತೀರಾ ಚಿಕ್ಕ ತುದಿಗಳು ಮೊದಲಿಗಿಂತ ಜಾಸ್ತಿಯೇ ಆದವು. ಕರುಳಿನ ಸೂಕ್ಷ್ಮಜೀವಿಗಳ ಪ್ರಮಾಣವೂ ಮೇಲೆ ಬದಲಾಗಿ ಕೆಳಗೆ ಬಂದ ಮೇಲೆ ಮೊದಲಿನಂತಾಯಿತು. 2019ರ ಈ ಫಲಿತಾಂಶದಲ್ಲಿ ನಾನು ನೋಡುವುದು ಇಷ್ಟೇ: ಈ ಅಳತೆಗಳು ತಿಂಗಳುಗಳಲ್ಲಿ ಅತ್ತ ಇತ್ತ ಹೋಗುತ್ತವೆ. ಒಬ್ಬರೇ ಮನುಷ್ಯ, ವಯಸ್ಸು ಮಾತ್ರ ಒಂದೇ ದಿಕ್ಕಿಗೆ ಹೋಯಿತು.

"ನಿಮ್ಮ ನಿಜವಾದ ವಯಸ್ಸು ಹೇಳ್ತೀವಿ" ಅನ್ನುವ ಟೆಲೋಮಿಯರ್ ಟೆಸ್ಟ್ ಮಾಡಿಸಬೇಕಾ?

ಕುತೂಹಲಕ್ಕೆ ಬೇಡ. ಒಂದೇ ವಯಸ್ಸಿನ ಆರೋಗ್ಯವಂತರ ನಡುವೆಯೇ ಟೆಲೋಮಿಯರ್ ಉದ್ದದಲ್ಲಿ ಸಾವಿರಾರು ಅಕ್ಷರ ವ್ಯತ್ಯಾಸ ಇರುತ್ತದೆ. ವರ್ಷಕ್ಕೆ ಸವೆಯುವುದು ಕೆಲವೇ ಹತ್ತು ಅಕ್ಷರ. 30ರವರ ಉದ್ದ 60ರವರಷ್ಟೇ ಇರಬಹುದು, ಇಬ್ಬರೂ ಚೆನ್ನಾಗಿಯೇ ಇರಬಹುದು. ಅಗ್ಗದ ಟೆಸ್ಟ್‌ಗಳು ಬಳಸುವ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ) ವಿಧಾನದಲ್ಲಿ ಒಂದೇ ಮಾದರಿಗೆ ಎರಡು ಲ್ಯಾಬ್ ಎರಡು ಉತ್ತರ ಕೊಡುವುದು ಹೊಸದೇನಲ್ಲ. ಮತ್ತೆ ಅಳೆಯುವುದು ರಕ್ತ ಅಥವಾ ಎಂಜಲಿನ ಕೋಶಗಳನ್ನು, ನಿಮ್ಮ ಹೃದಯವನ್ನೂ ಕರುಳನ್ನೂ ಅಲ್ಲ. ಲಕ್ಷಾಂತರ ಜನರನ್ನು ಒಟ್ಟಿಗೆ ನೋಡುವ ಸಂಶೋಧಕರಿಗೆ ಈ ಅಳತೆ ಉಪಯೋಗಕ್ಕೆ ಬರುತ್ತದೆ. ಜನರ ರಕ್ತದ ಮಾದರಿ, ಆರೋಗ್ಯದ ಮಾಹಿತಿ ಕೂಡಿಡುವ ಬ್ರಿಟನ್ನಿನ ಬಯೋಬ್ಯಾಂಕ್‌ನಲ್ಲಿ 4.7 ಲಕ್ಷಕ್ಕಿಂತ ಹೆಚ್ಚು ಜನರದ್ದನ್ನು ಅಳೆದಿದ್ದಾರೆ. ಒಬ್ಬರ ರಿಪೋರ್ಟ್ ಹಿಡಿದು ಭವಿಷ್ಯ ಹೇಳುವುದು ಬೇರೆ ಮಾತು.

ಟೆಲೋಮಿಯರ್ ಉದ್ದ ಮಾಡುವ ಕ್ಯಾಪ್ಸೂಲ್?

ಕ್ಯಾನ್ಸರ್ ಬಗ್ಗೆ ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ. ಅದು ಕೆಲಸ ಮಾಡದಿದ್ದರೆ ದುಡ್ಡು ದಂಡ. ಮಾಡಿದರೆ ಇನ್ನೂ ಯೋಚಿಸಬೇಕಾದ ವಿಷಯ.

ಹಾಗಾದರೆ ಈ ಟೆಸ್ಟ್ ಯಾರಿಗೂ ಬೇಡವಾ?

ಬೇಕಾದವರು ಇದ್ದಾರೆ, ಅವರಿಗೆ ನಿಜಕ್ಕೂ ಬೇಕು. ಹುಟ್ಟಿನಿಂದಲೇ ಟೆಲೋಮಿಯರ್ ಕಾಪಾಡುವ ಜೀನ್‌ಗಳಲ್ಲಿ ದೋಷ ಇರುವ ಕುಟುಂಬಗಳಿವೆ. ಡಿಸ್ಕೆರಟೋಸಿಸ್ ಕಂಜೆನಿಟಾ ಅನ್ನುವ ಕಾಯಿಲೆಯಲ್ಲಿ ಉಗುರು ಕೆಡುತ್ತದೆ, ಚರ್ಮದ ಬಣ್ಣ ಜಾಲರಿಯಂತೆ ಬದಲಾಗುತ್ತದೆ, ಬಾಯೊಳಗೆ ಬಿಳಿ ಮಚ್ಚೆ ಬರುತ್ತದೆ, ಆಮೇಲೆ ಮೂಳೆ ಮಜ್ಜೆ ರಕ್ತ ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ದೊಡ್ಡವರಾದ ಮೇಲೆ ಶುರುವಾಗುವ ರೂಪವೂ ಇದೆ. ಅಲ್ಲಿ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್, ಕಾರಣ ಸಿಗದ ಲಿವರ್ ಸಿರೋಸಿಸ್, ಇಪ್ಪತ್ತು ದಾಟುವಷ್ಟರಲ್ಲೇ ತಲೆ ನೆರೆಯುವುದು, ಇವು ಒಂದೇ ಮನೆಯಲ್ಲಿ ಬೇರೆ ಬೇರೆ ಜನರಿಗೆ ಬರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಬರುವುದರಿಂದ ಯಾರೂ ಜೋಡಿಸಿ ನೋಡುವುದಿಲ್ಲ.

ನಿಮ್ಮ ಮನೆಯಲ್ಲಿ ಹೀಗಿದ್ದರೆ ಆನ್‌ಲೈನ್ ಕಿಟ್ ತರಿಸಬೇಡಿ, ರಕ್ತರೋಗ ತಜ್ಞರನ್ನೋ ಜೆನೆಟಿಕ್ಸ್ ವೈದ್ಯರನ್ನೋ ನೋಡಿ, ಮನೆಯವರ ಕಾಯಿಲೆಗಳ ಪಟ್ಟಿಯನ್ನು ಬರೆದುಕೊಂಡು ಹೋಗಿ. ಅವರು ಫ್ಲೋ-ಫಿಶ್ ಅನ್ನುವ ಪರೀಕ್ಷೆ ಬರೆದುಕೊಡಬಹುದು. ಅದು ಬಿಳಿ ರಕ್ತಕಣಗಳ ಬೇರೆ ಬೇರೆ ಬಗೆಗಳಲ್ಲಿ ಉದ್ದವನ್ನು ಅಳೆದು, ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸುತ್ತದೆ. ಇದು ಮೊದಲೇ ಗೊತ್ತಾದರೆ ಚಿಕಿತ್ಸೆಯ ದಾರಿ ಬದಲಾಗುತ್ತದೆ. ಮಜ್ಜೆ ಕಸಿ ಮಾಡುವಾಗ ಕೊಡುವ ಔಷಧದ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಮಜ್ಜೆ ಕೊಡಲು ಮುಂದೆ ಬಂದ ಅಣ್ಣನನ್ನೋ ತಂಗಿಯನ್ನೋ ಮೊದಲು ಅದೇ ಪರೀಕ್ಷೆಗೆ ಕಳಿಸಬೇಕಾಗುತ್ತದೆ.